ಸೀಸೆಯ ಕಿಣ್ವ ಎಷ್ಟು ಹೇಳಬಲ್ಲದು?

ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಬಾಲಕ್ಕೆ ಅಸಿಟೈಲ್ ಗುಂಪು ಅಂಟಿದರೆ ಹಿಡಿತ ಸಡಿಲವಾಗಿ ಜೀನ್ ಕೆಲಸಕ್ಕಿಳಿಯುತ್ತದೆ. ಅದನ್ನು ಕಿತ್ತರೆ ಸಾಮಾನ್ಯವಾಗಿ ಸುಮ್ಮನಾಗುತ್ತದೆ. ಕೀಳುವ ಕಿಣ್ವಗಳು ಹಿಸ್ಟೋನ್ ಡಿಅಸಿಟೈಲೇಸ್‌ಗಳು, ಪ್ರಯೋಗಾಲಯದವರ ಬಾಯಲ್ಲಿ ಎಚ್‌ಡ್ಯಾಕ್. ಮನುಷ್ಯರಲ್ಲಿ ಸತುವಿನ ನೆರವಿನಿಂದ ನಡೆಯುವವು 11, ಇನ್ನೊಂದು ಗುಂಪಿನ ಸರ್ಟುಯಿನ್‌ಗಳು 7. ಇವುಗಳಲ್ಲಿ ಮೊದಲನೆಯದು 1996ರಲ್ಲಿ ಗುರುತಾಯಿತು. ಸತುವಿನ ಗುಂಪಿನವನ್ನು ತಡೆಯುವ ವೊರಿನೊಸ್ಟಾಟ್‌ಗೆ 2006ರಲ್ಲಿ ಅಮೆರಿಕದಲ್ಲಿ ಒಂದು ಬಗೆಯ ಚರ್ಮದ ಲಿಂಫೋಮಾಗೆ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು.

ಈಗ ಈ ಕೀಳುವ ಕಿಣ್ವಗಳನ್ನು ಸೀಸೆಯಲ್ಲಿ ಸಿದ್ಧರೂಪದಲ್ಲೇ ಕೊಳ್ಳಬಹುದು. ಮಾನವ ಜೀನನ್ನು ಬ್ಯಾಕ್ಯುಲೋವೈರಸ್ ಮೂಲಕ ಕೀಟದ ಜೀವಕೋಶಕ್ಕೆ ಸೇರಿಸಿ, ಅಲ್ಲಿ ತಯಾರಾದ ಪ್ರೋಟೀನನ್ನು ಶುದ್ಧಗೊಳಿಸಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತಾರೆ. ಇದಕ್ಕೆ ಹೆಚ್ಚಾಗಿ ಬಳಸುವ ಎಸ್‌ಎಫ್9 ಕೋಶಗಳು ಬಂದದ್ದು ಫಾಲ್ ಸೈನಿಕ ಹುಳುವಿನ ಅಂಡಾಶಯದಿಂದ. 2018ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಕಾಣಿಸಿಕೊಂಡು ಭಾರತಕ್ಕೆ ಕಾಲಿಟ್ಟಿತೆಂದು ಸುದ್ದಿಯಾದದ್ದು ಇದೇ ಹುಳು. ರೈತನ ಬೆಳೆ ತಿನ್ನುವ ಜೀವಿಯ ಕೋಶ ಕ್ಯಾನ್ಸರ್ ಔಷಧಿಯ ಹುಡುಕಾಟಕ್ಕೆ ದುಡಿಯುತ್ತಿದೆ. ಈ ಜಾಣ್ಮೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ.

ನನ್ನ ತಕರಾರು ಸೀಸೆಯ ಫಲಿತಾಂಶವನ್ನು ದೇಹದ ಸತ್ಯವೆಂದು ಓದುವ ಅಭ್ಯಾಸದ ಬಗ್ಗೆ. ಕೋಶದೊಳಗೆ ಎಚ್‌ಡ್ಯಾಕ್1 ಒಂಟಿಯಲ್ಲ. ನರ್ಡ್, ಸಿನ್3, ಕೋರೆಸ್ಟ್ ಎಂಬ ದೊಡ್ಡ ಕೂಟಗಳಲ್ಲಿ ಕುಳಿತು ಕೆಲಸ ಮಾಡುತ್ತದೆ. ಎಚ್‌ಡ್ಯಾಕ್3 ಚುರುಕಾಗಲು ಅದಕ್ಕೆ ಜೊತೆಗಾರ ಪ್ರೋಟೀನಿನ ಒಂದು ತುಂಡು ಬೇಕೇ ಬೇಕು. ಎಚ್‌ಡ್ಯಾಕ್4ರ ಕಥೆ ಇನ್ನೂ ಗಂಭೀರ. ಅದರ ಕೆಲಸದ ಜಾಗದಲ್ಲಿ ಟೈರೋಸಿನ್ ಎಂಬ ಅಮೈನೊ ಆಮ್ಲ ಇರಬೇಕಾದಲ್ಲಿ ಹಿಸ್ಟಿಡಿನ್ ಇರುವುದರಿಂದ ಅಸಿಟೈಲ್ ಕೀಳುವ ಶಕ್ತಿ ತೀರಾ ಕಡಿಮೆ. ಆ ಒಂದನ್ನು ಬದಲಿಸಿದಾಗ ಶಕ್ತಿ ಸಾವಿರ ಪಟ್ಟು ಏರಿದ್ದನ್ನು 2007ರಲ್ಲಿ ತೋರಿಸಿದರು. ಹಾಗಿದ್ದಮೇಲೆ ಎಚ್‌ಡ್ಯಾಕ್4 ಎಂದು ಬರೆದ ಸೀಸೆ ಜೋರಾಗಿ ಕೆಲಸ ಮಾಡಿದರೆ, ಜೊತೆಯಲ್ಲಿ ಬೇರೆ ಕಿಣ್ವ ಸೇರಿಕೊಂಡಿದೆಯೇ ಎಂದು ಕೇಳಲೇಬೇಕು.

ಅಳೆಯುವ ವಿಧಾನವೂ ಮೋಸ ಮಾಡಬಲ್ಲದು. ದ್ರಾಕ್ಷಿಯಲ್ಲಿರುವ ರೆಸ್ವೆರಟ್ರಾಲ್ ಎಂಬ ಅಣು ಸರ್ಟುಯಿನ್ ಗುಂಪಿನ ಸರ್ಟ್1 ಕಿಣ್ವವನ್ನು ಚುರುಕುಗೊಳಿಸುತ್ತದೆ ಎಂದು 2003ರಲ್ಲಿ ಪ್ರಕಟವಾದಾಗ ಆಯುಷ್ಯದ ಕನಸುಗಳೇ ಹುಟ್ಟಿಕೊಂಡವು. 2005ರಲ್ಲಿ ಪರೀಕ್ಷಿಸಿದವರು ಕಂಡದ್ದು ಬೇರೆ: ಕಿಣ್ವದ ಚುರುಕನ್ನು ಅಳೆಯಲು ಪೆಪ್ಟೈಡ್ ಎಂಬ ಪ್ರೋಟೀನ್ ತುಣುಕಿಗೆ ಅಂಟಿಸಿದ್ದ ಹೊಳೆಯುವ ಬಣ್ಣವನ್ನು ತೆಗೆದರೆ ಆ ಚುರುಕು ಕಾಣಲಿಲ್ಲ.

ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ ಎದುರು ದಿಕ್ಕಿನಿಂದ ಹೊರಟಿತು. ಕೀಳುವ ಕಿಣ್ವದ ಬದಲು, ಅಸಿಟೈಲ್ ಅಂಟಿಸುವ ಪಿ300 ಕಿಣ್ವವನ್ನು ಹಿಡಿದರು. 2003ರಲ್ಲಿ ಗೇರುಬೀಜದ ಸಿಪ್ಪೆ ಎಣ್ಣೆಯ ಅನಕಾರ್ಡಿಕ್ ಆಮ್ಲ, 2004ರಲ್ಲಿ ಪುನರ್ಪುಳಿಯ ಗಾರ್ಸಿನಾಲ್ ಮತ್ತು ಅರಿಶಿನದ ಕರ್ಕ್ಯುಮಿನ್ ಪಿ300 ಅನ್ನು ತಡೆಯುತ್ತವೆಂದು ವರದಿ ಮಾಡಿದರು. ಇಲ್ಲೂ ಎಚ್ಚರ ಬೇಕು: ಕರ್ಕ್ಯುಮಿನ್ ಎಷ್ಟೋ ಪ್ರೋಟೀನುಗಳಿಗೆ ತಗುಲಿ ಪರೀಕ್ಷೆಗಳನ್ನೇ ಕೆಡಿಸುತ್ತದೆ ಎಂಬ ಗಟ್ಟಿ ವಿಮರ್ಶೆ 2017ರಲ್ಲಿ ಬಂತು. ಅದು ನ್ಯಾಯವಾದ ಆಕ್ಷೇಪ.

ಆದರೆ ಈ ತಂಡ ಸೀಸೆಯಲ್ಲೇ ನಿಲ್ಲಲಿಲ್ಲ. ಪಿ300 ಅನ್ನು ಚುರುಕುಗೊಳಿಸುವ ಟಿಟಿಕೆ21 ಎಂಬ ಅಣುವನ್ನು ಗ್ಲೂಕೋಸಿನಿಂದ ಮಾಡಿದ ಇಂಗಾಲದ ನ್ಯಾನೊಗೋಲಗಳಿಗೆ ಕೂಡಿಸಿ ಇಲಿಗಳಿಗೆ ಚುಚ್ಚಿದರು. ಅದು ಮೆದುಳು ತಲುಪಿತು, ಹಿಸ್ಟೋನಿನ ಅಸಿಟೈಲ್ ಹೆಚ್ಚಿತು, ನೆನಪು ಹೆಚ್ಚು ಕಾಲ ಉಳಿಯಿತು. ಫ್ರಾನ್ಸಿನ ಸಹೋದ್ಯೋಗಿಗಳೊಂದಿಗೆ ಇದನ್ನು 2013ರಲ್ಲಿ ಪ್ರಕಟಿಸಿದರು. ಕಿಣ್ವದಿಂದ ಕೋಶಕ್ಕೆ, ಕೋಶದಿಂದ ಪ್ರಾಣಿಗೆ ಸಾಗಿದ ಈ ಹಾದಿಯೇ ನನಗೆ ಅಣುವಿಗಿಂತ ದೊಡ್ಡದಾಗಿ ಕಾಣುತ್ತದೆ.

ಹತ್ತು ಸಾವಿರ ಅಣುಗಳಲ್ಲಿ ಹತ್ತನ್ನು ಸೋಸಲು ಸೀಸೆಯ ಎಚ್‌ಡ್ಯಾಕ್‌ಗಿಂತ ಒಳ್ಳೆಯ ಜರಡಿ ಸಿಗುವುದು ಕಷ್ಟ. ಅದನ್ನು ಕೊಳ್ಳುವ ಸಂಶೋಧನಾ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಯಾವ ಕೋಶದಲ್ಲಿ ತಯಾರಾಯಿತು, ಜೊತೆಗಾರ ಪ್ರೋಟೀನ್ ಇದೆಯೇ ಎಂದು ಮೊದಲು ನೋಡಿ. ಬಣ್ಣ ಅಂಟಿಸದ ಹಿಸ್ಟೋನಿನ ಮೇಲೂ, ಜೀವಂತ ಕೋಶದಲ್ಲೂ ಅದೇ ಉತ್ತರ ಬರುವವರೆಗೆ ಪ್ರಬಂಧ ಕಳಿಸಬೇಡಿ.