ಮಳವಲಿಯ ಮುರಳೀಧರ: ಅಚ್ಚುಚಿತ್ರದಲ್ಲಿ ಕಾಣದ ಕುರಿಗಾಹಿ

ಲೋಣಾವಳಾದ ನೆರೆಯ ರೈಲುನಿಲ್ದಾಣ ಮಳವಲಿ. (ಮಂಡ್ಯ ಜಿಲ್ಲೆಯ ಮಳವಳ್ಳಿ ಬೇರೆ.) ಮುಂಬಯಿಯಲ್ಲಿ 1894ರಲ್ಲಿ ಆರಂಭವಾದ ರಾಜಾ ರವಿವರ್ಮನ ಶಿಲಾಮುದ್ರಣಾಲಯವು 1899ರಲ್ಲಿ ಇಲ್ಲಿಗೆ ಬಂದಿತು. ಕೆಲವೇ ವರ್ಷಗಳಲ್ಲಿ ಅದರ ಒಡೆತನವು ಜರ್ಮನಿಯ ಫ್ರಿಟ್ಜ್ ಶ್ಲೈಖರನ ಕೈಸೇರಿತು. 1972ರ ಬೆಂಕಿಯಲ್ಲಿ ಅದು ಹಾಳಾಯಿತು. ಸುತ್ತಲೂ ಕರಿಗಲ್ಲಿನ ಬೆಟ್ಟಗಳಿದ್ದರೂ ಅಚ್ಚಿಗೆ ಬೇಕಾದ ಸುಣ್ಣಗಲ್ಲು ಜರ್ಮನಿಯಿಂದ ಬರಬೇಕಾಗಿದ್ದುದು ಒಂದು ವಿಚಿತ್ರ.

ಈ ಮುದ್ರಣಾಲಯದ ಮೂಲಕ ಕನ್ನಡ ನಾಡಿನ ಮನೆಗಳ ಗೋಡೆಯನ್ನೂ ಸೇರಿದ ಮುರಳೀಧರನ ಚಿತ್ರಗಳ ಮಾದರಿ ಪರಿಚಿತವಾದುದು. ಮರದ ನೆರಳು, ಕೊಳಲು, ಹಿಂದೆ ಹಸು, ಹಸುರು ಬಯಲು. ಹಸು ಬಾಲಕನನ್ನು ನೋಡುತ್ತದೆ. ಬಾಲಕನು ನಮ್ಮನ್ನು ನೋಡುತ್ತಾನೆ. ಈ ದೃಷ್ಟಿವಿನ್ಯಾಸವೇ ವಿಮರ್ಶೆಗೆ ಮುಖ್ಯವಾದುದು. ಕಾಯುವ ಕಾಯಕವು ಮುಗಿದು ಕಾಣಿಸಿಕೊಳ್ಳುವ ಕಾರ್ಯ ಆರಂಭವಾಗಿದೆ; ಪ್ರಕೃತಿಯು ದುಡಿಮೆಯ ನೆಲವಾಗಿ ಉಳಿಯದೆ ಹಿನ್ನೆಲೆಯ ಪರದೆಯಾಗಿದೆ.

ಇದನ್ನು ಪಾಶ್ಚಾತ್ಯ ತೈಲಚಿತ್ರದ ಪ್ರಭಾವವೆಂದು ಹೇಳಿ ಮುಗಿಸುವುದು ಸುಲಭ. ಆದರೆ ಕೊಳಲು ನಮಗೆ ಹೊಸತಲ್ಲ. ಸೋಮನಾಥಪುರದ ಹೊಯ್ಸಳ ದೇವಾಲಯದ ವೇಣುಗೋಪಾಲನೂ ಕೊಳಲೂದುತ್ತಾನೆ. ಆದರೆ ಅಲ್ಲಿ ಗೋವಳರೂ ಗೋವುಗಳೂ ಅವನನ್ನು ಸುತ್ತುವರಿದು ಆಲಿಸುತ್ತಾರೆ. ಉಡುಪಿಯ ಬಾಲಕೃಷ್ಣನ ಕೈಯಲ್ಲಿ ಕೊಳಲಿಲ್ಲ. ಕಡೆಗೋಲು ಮತ್ತು ನೇಣು, ಅಂದರೆ ಹಾಲುಮೊಸರಿನ ಮನೆಯ ಉಪಕರಣಗಳಿವೆ. ಅಚ್ಚುಚಿತ್ರವು ಕಳೆದುಕೊಂಡಿರುವುದು ಈ ಸಮುದಾಯವನ್ನು, ಈ ಉಪಕರಣವನ್ನು.

ಅದಕ್ಕಿಂತ ಗಂಭೀರವಾದ ಲೋಪವೊಂದಿದೆ. ಚಿತ್ರಕ್ಕೆ ಹಸು ಸಲ್ಲುತ್ತದೆ, ಕುರಿ ಸಲ್ಲುವುದಿಲ್ಲ. ಮಳವಲಿಯ ಆಸುಪಾಸಿನ ಬೆಟ್ಟಗಳಲ್ಲಿ ಪಶುಪಾಲನೆಯಿಂದ ಬದುಕಿದವರು ಧನಗರರು. ನಮ್ಮ ಕುರುಬರ ಬೀರಪ್ಪನೇ ಅವರ ಬಿರೋಬಾ. ವಿಠ್ಠಲನ ಮೂಲವೂ ಇಂಥ ಪಶುಪಾಲಕರ ದೈವವೆಂದು ರಾ. ಚಿಂ. ಢೇರೆಯವರು 1984ರ ತಮ್ಮ ಮರಾಠಿ ಗ್ರಂಥದಲ್ಲಿ ವಾದಿಸಿದರು. ಕಂಬಳಿ ಹೊದ್ದ ಆ ಹುಡುಗನಿಗೆ ಚೌಕಟ್ಟಿನೊಳಗೆ ಎಡೆಯಿಲ್ಲ.

ಮಧ್ಯಕಾಲೀನ ಕಥನವು ಈ ವಿಷಯದಲ್ಲಿ ಹೆಚ್ಚು ಧೈರ್ಯಶಾಲಿಯಾಗಿತ್ತು ಎಂಬುದು ನನ್ನ ಅಭಿಪ್ರಾಯ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದ ಕಾಟಕೋಟನು ಆಡಿನ ಹಿಕ್ಕೆಯನ್ನೇ ಲಿಂಗವೆಂದು ಪೂಜಿಸಿದ ಹುಡುಗ. ಅದನ್ನು ಒದ್ದ ತಂದೆಯನ್ನೇ ಕೊಂದವನು. ಕನ್ನಡದ ಪರಂಪರೆ ಇವನನ್ನು ವಚನಕಾರ ವೀರಗೊಲ್ಲಾಳನೊಡನೆ ಗುರುತಿಸುತ್ತದೆ. ಆ ವಚನಗಳ ಅಂಕಿತದಲ್ಲಿಯೇ ಬೀರೇಶ್ವರನಿದ್ದಾನೆ. ಇಲ್ಲಿ ಪ್ರಕೃತಿಗೆ ವಾಸನೆಯುಂಟು, ಕೊಳೆಯುಂಟು, ಹಿಂಸೆಯೂ ಉಂಟು. ಬಣ್ಣಕ್ಕೊಂದು ಕಲ್ಲನ್ನು ಹದಗೊಳಿಸಿದ ಮಳವಲಿಯ ಕುಶಲಕರ್ಮಿಗಳಿಗೆ ಇದನ್ನು ಅಚ್ಚಿಸುವ ಸಾಮರ್ಥ್ಯ ಇರಲಿಲ್ಲವೆಂದಲ್ಲ. ಕೊಳ್ಳುವ ಮನೆಗೆ ಅದು ಬೇಕಾಗಿರಲಿಲ್ಲ.

ಉಡುಪಿಯ ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಕುರುಬರ ಕನಕದಾಸರು ಹೊರಗೆ ನಿಂತರು. ಗೋಡೆಯ ಕಿಂಡಿಯಾಚೆ ಕಡೆಗೋಲಿನ ಬಾಲಕನು ಅವರತ್ತ ತಿರುಗಿದನು. ಕುರಿಗಾಹಿಗಳ ಕುಲದವನು ನೋಡಿದ ಗೋಪಾಲನ ಆ ಚಿತ್ರವನ್ನು ಬರೆಯುವುದಾದರೆ, ಚಿತ್ರಕಾರನು ಗೋಡೆಯ ಈಚೆಗೆ ನಿಲ್ಲಬೇಕಾಗುತ್ತದೆ.