ಪುನಃಪಠನವೂ ರಸವೂ: ‘ಕಾಲಚಕ್ರ’ ಕಾದಂಬರೀಮಾಲೆಯನ್ನು ಕುರಿತ ಒಂದು ವಿಚಾರ

ಕಥೆ ಗೊತ್ತಾದ ಮೇಲೂ ಕಾವ್ಯವು ಉಳಿಯುವುದೆ ಎಂಬ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ಕುಮಾರವ್ಯಾಸಭಾರತದ ವಾಚನಕ್ಕೆ ಬಂದು ಕುಳಿತವರಲ್ಲಿ, ಕರ್ಣನು ಬದುಕುವನೋ ಸಾಯುವನೋ ಎಂಬ ಕುತೂಹಲದಿಂದ ಬಂದವನು ಒಬ್ಬನೂ ಇರಲಾರನು. ಅಲ್ಲಿ ಮೊದಲನೆಯ ಓದೆಂಬುದೇ ಇಲ್ಲವೆನ್ನಬಹುದು. ಇದಕ್ಕೆ ತೀರ ಎದುರಾದ ಸ್ಥಿತಿ ಈಚಿನ ಇಂಗ್ಲಿಷ್ ಭಾಷೆಯ ದೀರ್ಘ ಅದ್ಭುತಕಾದಂಬರಿಗಳದು. ಕಥೆ ವರ್ಷಗಟ್ಟಲೆ ಮುಗಿಯದೆ ಸಂಪುಟ ಸಂಪುಟವಾಗಿ ಹೊರಬರುತ್ತಿರಲು, ಅವುಗಳಲ್ಲಿ ಅಭಿಮಾನವುಳ್ಳ ಓದುಗರು ಮುಂದಿನದಕ್ಕೆ ಕಾಯುತ್ತ ಹಿಂದಿನವನ್ನೆಲ್ಲ ಮೊದಲಿಂದ ತಿರುಗಿ ಓದುವರು. ಓದಿದುದನ್ನು ಕುರಿತು ತಮ್ಮತಮ್ಮಲ್ಲಿ ಬಿಡದೆ ವಾದಿಸುವರು. ಈ ಪುನಃಪಠನದಿಂದ ಗ್ರಂಥದ ನಿಜವಾದ ಬೆಲೆ ತಿಳಿಯುವುದೆ ಎಂಬುದನ್ನು ಒಂದು ನಿದರ್ಶನದ ಮೂಲಕ ವಿಚಾರಿಸುವುದು ಇಲ್ಲಿಯ ಉದ್ದೇಶ.

ನಿದರ್ಶನ, ರಾಬರ್ಟ್ ಜಾರ್ಡನ್ನರ ‘ದಿ ವ್ಹೀಲ್ ಆಫ್ ಟೈಮ್’, ಕನ್ನಡದಲ್ಲಿ ‘ಕಾಲಚಕ್ರ’ವೆನ್ನೋಣ. ಜಾರ್ಡನ್ ಎಂಬುದು ಕಾವ್ಯನಾಮ. ಗ್ರಂಥಕರ್ತರ ಹೆಸರು ಜೇಮ್ಸ್ ಆಲಿವರ್ ರಿಗ್ನಿ. ಅಮೆರಿಕದ ದಕ್ಷಿಣ ಕೆರೊಲಿನ ಪ್ರಾಂತದ ಚಾರ್ಲ್ಸ್‌ಟನ್ ನಗರದಲ್ಲಿ ೧೯೪೮ರಲ್ಲಿ ಹುಟ್ಟಿ, ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಾಗಿದ್ದು ಬಂದವರು. ಮೊದಲ ಸಂಪುಟ ೧೯೯೦ರಲ್ಲಿ ಪ್ರಕಟವಾಯಿತು. ಹನ್ನೊಂದು ಸಂಪುಟಗಳೂ ಪೂರ್ವಕಥೆಯೊಂದೂ ಮುಗಿದ ಮೇಲೆ, ೨೦೦೭ರಲ್ಲಿ ಅವರು ತೀರಿಕೊಂಡರು. ಅವರ ಪತ್ನಿಯೂ ಗ್ರಂಥಸಂಪಾದಕರೂ ಆದ ಹ್ಯಾರಿಯಟ್ ಮೆಕ್‌ಡೂಗಲ್ ಅವರು ಉಳಿದ ಭಾಗವನ್ನು ಪೂರೈಸಲು ಬ್ರ್ಯಾಂಡನ್ ಸ್ಯಾಂಡರ್ಸನ್ನರನ್ನು ಆರಿಸಿದರು. ಒಂದೇ ಸಂಪುಟದಲ್ಲಿ ಮುಗಿಯಬೇಕಾಗಿದ್ದ ಶೇಷಭಾಗವು ಮೂರಾಗಿ ಬೆಳೆದು, ೨೦೧೩ರಲ್ಲಿ ಹದಿನಾಲ್ಕನೆಯದರೊಡನೆ ಕಥೆ ಮುಗಿಯಿತು. ಒಟ್ಟು ೪೦ ಲಕ್ಷ ಪದಗಳಿಗೂ ಮಿಕ್ಕ ಗ್ರಂಥ. ಪ್ರಾರಂಭದಿಂದಲೇ ಹಿಡಿದವನಿಗೆ ಮೊದಲನೆಯ ಓದೇ ೨೩ ವರ್ಷ ನಡೆಯಿತು.

ಈ ಕಥಾಲೋಕದಲ್ಲಿ ಕಾಲವು ಏಳು ಅರೆಗಳುಳ್ಳ ಚಕ್ರ. ಒಂದೊಂದು ಅರೆಯೂ ಒಂದೊಂದು ಯುಗ. ಯುಗಗಳು ಕಳೆದು ತಿರುಗಿ ಬರುವುವು. ಜೀವರು ಮತ್ತೆ ಮತ್ತೆ ಹುಟ್ಟುವರು. ನಮ್ಮ ಯುಗಕಲ್ಪನೆಗೆ ಇದು ಹತ್ತಿರವಾದುದು ನಿಜ. ಆದರೆ ಸಾಮ್ಯಕ್ಕೆ ಮರುಳಾಗಿ ಇದೆಲ್ಲ ನಮ್ಮದೇ ಎಂದು ಹಿಗ್ಗುವುದು ವಿಮರ್ಶೆಯಲ್ಲ. ಇಲ್ಲಿ ಗಮನಿಸತಕ್ಕುದು ಬೇರೆ. ಪ್ರತಿಯೊಂದು ಸಂಪುಟದ ಮೊದಲ ಅಧ್ಯಾಯವೂ ಹೆಚ್ಚುಕಡಮೆ ಒಂದೇ ಮಾತಿನಿಂದ, ಎಲ್ಲಿಯೋ ಗಾಳಿಯೊಂದು ಎದ್ದುದನ್ನು ಹೇಳುವ ಮಾತಿನಿಂದ, ಆರಂಭವಾಗುತ್ತದೆ. ಸ್ಥಳ ಮಾತ್ರ ಬೇರೆ ಬೇರೆ. ಸಂಪುಟಗಳನ್ನು ಬಿಡಿಬಿಡಿಯಾಗಿ ಕಂಡವನಿಗೆ ಇದು ಬರಿಯ ಅಭ್ಯಾಸವೆಂದು ತೋರಬಹುದು. ಒಂದಾದ ಮೇಲೊಂದನ್ನು ಓದುವವನಿಗೆ ಅದು ಪಲ್ಲವಿಯಂತೆ ಕೇಳುತ್ತದೆ. ಮರಳುವಿಕೆಯನ್ನೇ ವಸ್ತುವಾಗಿ ಉಳ್ಳ ಗ್ರಂಥವು ಓದುಗನೂ ಮರಳಿ ಬರಲೆಂದು ಬಯಸಿದಂತಿದೆ.

ಆದರೆ ಓದುಗರು ಬಹುಕಾಲ ಮರಳಿದುದು ಬೇರೊಂದು ಪ್ರಯೋಜನಕ್ಕಾಗಿ. ೧೯೯೩ರಲ್ಲಿ ಬಂದ ಐದನೆಯ ಸಂಪುಟದ ಕೊನೆಯಲ್ಲಿ ಆಸ್ಮೊಡಿಯನ್ ಎಂಬ ಪಾತ್ರವೊಂದು ಕೊಲೆಯಾಗುತ್ತದೆ. ಅವನು ಬಾಗಿಲು ತೆರೆಯುವನು, ಎದುರಿಗಿದ್ದವರನ್ನು ಗುರುತಿಸಿ ಬೆದರುವನು, ಸಾಯುವನು. ಎದುರಿಗೆ ಇದ್ದವರಾರೆಂದು ಗ್ರಂಥಕರ್ತರು ಹೇಳಲಿಲ್ಲ. ಎಚ್ಚರದಿಂದ ಓದಿದವನಿಗೆ ಉತ್ತರ ಕಾಣುವುದೆಂಬ ಭಾವದಲ್ಲಿ ಅವರು ಮಾತನಾಡಿದ್ದುದೂ ಬೆಂಕಿಗೆ ತುಪ್ಪವಾಯಿತು. ಹದಿನೇಳು ವರ್ಷ ಓದುಗರು ಸಂಪುಟಗಳನ್ನು ಜಾಲಿಸಿದರು. ಒಬ್ಬೊಬ್ಬ ಪಾತ್ರವೂ ಆ ಹೊತ್ತಿಗೆ ಎಲ್ಲಿತ್ತು, ಯಾರಿಗೆ ಕಾರಣವಿತ್ತು, ಯಾರಿಗೆ ಅವಕಾಶವಿತ್ತು ಎಂದು ಲೆಕ್ಕ ಹಾಕಿದರು. ಈ ಶ್ರಮವನ್ನು ಹಾಸ್ಯ ಮಾಡಲಾಗದು. ಪ್ರಾಚೀನ ಗ್ರಂಥದ ಪಾಠವನ್ನು ಶೋಧಿಸುವ ಪಂಡಿತನ ಎಚ್ಚರವೇ ಇದರಲ್ಲಿಯೂ ಇದೆ. ಪರೀಕ್ಷೆಗೆ ಓದುವ ನಮ್ಮ ವಿದ್ಯಾರ್ಥಿಗಳಲ್ಲಿ ಇದರ ಹತ್ತರಲ್ಲೊಂದು ಪಾಲು ಕಂಡರೆ ಅಧ್ಯಾಪಕರು ಸಂತೋಷಪಟ್ಟಾರು.

ಕಡೆಗೆ ಉತ್ತರ ಎಲ್ಲಿ ದೊರೆಯಿತು? ೨೦೧೦ರ ಹದಿಮೂರನೆಯ ಸಂಪುಟದ ಕೊನೆಗೆ ಸೇರಿಸಿದ ಪದಕೋಶದಲ್ಲಿ. ಗ್ರೆಂಡಾಲ್ ಎಂಬುವಳ ಹೆಸರಿನ ಕೆಳಗೆ, ಕೊಂದವಳು ಇವಳೆಂದು ಬರೆದಿದೆ, ಅಷ್ಟೇ ಸಂಗತಿ. ಬಹಳ ಚರ್ಚೆಗೆ ಸಿಕ್ಕಿದ ಪ್ರಶ್ನೆಯ ಉತ್ತರವು ಕಥಾಶರೀರದ ಹೊರಗೆ ನಿಂತರೂ ಕಥೆಗೆ ಯಾವ ಊನವೂ ಬರಲಿಲ್ಲ. ಉತ್ತರ ತಿಳಿದು ಆ ಕೊಲೆಯ ಪ್ರಸಂಗವನ್ನು ಮತ್ತೆ ಓದಿದರೆ ಮೊದಲಿಗಿಂತ ಹೆಚ್ಚಿನದೇನೂ ಅಲ್ಲಿ ಕಾಣುವುದಿಲ್ಲ. ಸುಳಿವು ಬಿಡಿಸಿದೊಡನೆ ತೀರಿಹೋಗುತ್ತದೆ. ಈ ಮಾಲೆಯ ಅಭಿಮಾನಿಗಳು ಅದರ ಹಿರಿಮೆಯನ್ನು ಮುಖ್ಯವಾಗಿ ಸುಳಿವುಗಳ ಜೋಡಣೆಯಲ್ಲಿ ಕಾಣುವರು. ಅದು ಗ್ರಂಥಕ್ಕೆ ಮಾಡುವ ಅನ್ಯಾಯವೆಂದು ನಮ್ಮ ಮತ.

ಬೇರೆಯ ಬಗೆಯ ಸ್ಥಳವೊಂದನ್ನು ನೋಡಬೇಕು. ಮೊದಲ ಸಂಪುಟದ ಪೀಠಿಕೆಯಲ್ಲಿ, ಹಾಳಾದ ಅರಮನೆಯೊಳಗೆ ಲೂಸ್ ಥೆರಿನ್ ಎಂಬ ವೀರನು ಹುಚ್ಚನಾಗಿ ಹೆಂಡತಿಯನ್ನು ಕರೆಯುತ್ತ ಅಲೆಯುತ್ತಾನೆ. ವೈರಿಯೊಬ್ಬನು ಬಂದು ಅವನ ಬುದ್ಧಿಯನ್ನು ಸ್ವಸ್ಥಗೊಳಿಸುವನು, ದಯೆಯಿಂದಲ್ಲ, ತನ್ನ ಹೆಂಡತಿ ಮಕ್ಕಳನ್ನು ತಾನೇ ಕೊಂದಿರುವುದನ್ನು ಅವನು ಕಾಣಲೆಂದು. ಕಂಡವನು ತನ್ನ ಶಕ್ತಿಯಿಂದಲೇ ತನ್ನನ್ನು ಸುಟ್ಟುಕೊಳ್ಳುವನು. ಅಲ್ಲಿ ಒಂದು ಪರ್ವತವೇಳುತ್ತದೆ. ಮೊದಲು ಓದುವವನಿಗೆ ಇವರಾರೆಂದೇ ತಿಳಿಯದು. ಹೆಸರುಗಳ ಗದ್ದಲವೆಂದು ಪುಟ ಮಗುಚುವನು. ಆ ಲೂಸ್ ಥೆರಿನ್ನನೇ ಕಥಾನಾಯಕ ರ್‍ಯಾಂಡನಾಗಿ ಅದೇ ಪರ್ವತದ ಇಳಿಜಾರಿನಲ್ಲಿ ಮತ್ತೆ ಹುಟ್ಟಿದವನು. ಹನ್ನೆರಡನೆಯ ಸಂಪುಟದ ಕೊನೆಯಲ್ಲಿ ರ್‍ಯಾಂಡನು ಆ ಶಿಖರದ ಮೇಲೆ ನಿಂತು, ಮತ್ತೆ ಮತ್ತೆ ಹುಟ್ಟುವುದೇಕೆ ಎಂದು ರೋಷದಿಂದ ಕೇಳಿಕೊಂಡು ಲೋಕವನ್ನೇ ನಾಶಮಾಡಹೊರಡುವನು. ಹಿಂದೆ ಕೆಟ್ಟುದನ್ನು ಸರಿಪಡಿಸುವುದಕ್ಕೂ ಮತ್ತೊಮ್ಮೆ ಪ್ರೀತಿಸುವುದಕ್ಕೂ ಎಂಬ ಉತ್ತರ ಒಳಗಿಂದಲೇ ಹೊಳೆದು ಕೈ ತಡೆಯುವನು. ಇದು ಸ್ಯಾಂಡರ್ಸನ್ನರು ಪೂರೈಸಿದ ಸಂಪುಟ. ಮ್ಯಾಟನ ಮಾತುಗಳಲ್ಲಿ ಕೈ ಬದಲಾದುದು ಎದ್ದು ಕಾಣುವುದಾದರೂ ಈ ಪ್ರಕರಣದಲ್ಲಿ ಹಾಗೆನ್ನುವಂತಿಲ್ಲ. ಇದನ್ನು ಓದಿ ಪೀಠಿಕೆಗೆ ಹಿಂದಿರುಗಿದವನಿಗೆ ಅಲ್ಲಿ ಅಕ್ಷರವೊಂದೂ ಬದಲಾಗಿಲ್ಲ, ರಸವೆಲ್ಲ ಬದಲಾಗಿದೆ. ಮೊದಲು ಅದ್ಭುತವೆನಿಸಿದುದು ಈಗ ಕರುಣ. ಆ ವೈರಿಯೇ ಮೊರಿಡಿನ್ ಎಂಬ ಹೆಸರಿನಿಂದ ಮರಳುವುದೂ, ಕಟ್ಟಕಡೆಗೆ ನಾಯಕನು ಅವನ ಶರೀರದಲ್ಲಿ ಉಳಿದುಕೊಳ್ಳುವುದೂ ತಿಳಿದ ಮೇಲಂತೂ, ಪೀಠಿಕೆಯಲ್ಲಿ ಎದುರುಬದುರಾಗಿ ನಿಂತ ಆ ಇಬ್ಬರನ್ನು ಮೊದಲಿನ ಕಣ್ಣಿನಿಂದ ನೋಡುವುದೇ ಆಗದು.

ಇನ್ನೊಂದು ಸ್ಥಳ. ಅದೇ ಮೊದಲ ಸಂಪುಟದಲ್ಲಿ ಮಿನ್ ಎಂಬ ತರುಣಿ, ಮನುಷ್ಯರ ಸುತ್ತ ಭವಿಷ್ಯದ ಬಿಂಬಗಳನ್ನು ಕಾಣಬಲ್ಲವಳು, ರ್‍ಯಾಂಡನಿಗೆ ತಾನು ಕಂಡುದನ್ನು ಹೇಳುವಳು. ಅವುಗಳಲ್ಲೊಂದು, ಅವನು ಮಲಗಿರುವ ಚಟ್ಟದ ಬಳಿ ಮೂವರು ಹೆಂಗಸರು ನಿಂತಿರುವುದು. ಮೊದಲ ಓದಿನಲ್ಲಿ ಇದು ಭಯವನ್ನು ಹುಟ್ಟಿಸುತ್ತದೆ. ೨೩ ವರ್ಷದ ಮೇಲೆ ಆ ಚಿತೆ ಉರಿಯುವಾಗ ನಿಂತ ಮೂವರಲ್ಲಿ ಮಿನ್ನಳೂ ಒಬ್ಬಳು. ಉರಿಯುತ್ತಿರುವುದು ಬರಿಯ ದೇಹವೆಂದೂ ಅವನು ಬದುಕಿರುವನೆಂದೂ ಆ ಮೂವರು ಬಲ್ಲರು. ಮರಳಿ ಓದುವಾಗ ಆ ಹುಡುಗಿಯ ಹಗುರವಾದ ಮಾತಿನ ಹಿಂದೆ ಅವಳ ಬಾಳೇ ಕಾಣುತ್ತದೆ. ಸುಳಿವಿನಂತಲ್ಲದೆ, ಧ್ವನಿ ತಿಳಿದಷ್ಟೂ ಬೆಳೆಯುವುದು.

ಪುನಃಪಠನದಿಂದ ದೋಷಗಳೆಲ್ಲ ಮಾಯವಾಗುವುವೆಂದು ಹೇಳುವವರೂ ಉಂಟು. ೨೦೦೩ರ ಹತ್ತನೆಯ ಸಂಪುಟವು ಪ್ರಕಟವಾದಾಗ ಕಥೆ ನಿಂತ ನೀರಾಯಿತೆಂದು ಬಹಳ ಮಂದಿ ಬೇಸತ್ತರು. ಈಗ ಕಾಯುವ ಕಷ್ಟವಿಲ್ಲವಾದುದರಿಂದ ಆ ಆಕ್ಷೇಪ ಸಲ್ಲದೆಂಬುದು ಅವರ ವಾದ. ಇದು ಅರ್ಧ ಸತ್ಯ. ಪೆರಿನ್ನನ ಹೆಂಡತಿ ಫೈಲಳು ೧೯೯೮ರ ಸಂಪುಟದಲ್ಲಿ ಸೆರೆಸಿಕ್ಕಿ ೨೦೦೫ರದರಲ್ಲಿ ಬಿಡುಗಡೆ ಹೊಂದುವಳು. ಆಗಿನ ಓದುಗನಿಗೆ ಏಳು ವರ್ಷವಾದ ಸೆರೆ ಈಗಿನವನಿಗೆ ಕೆಲವು ವಾರಗಳದು, ಇಷ್ಟು ಒಪ್ಪತಕ್ಕುದು. ಆದರೆ ಒಂಬತ್ತನೆಯ ಸಂಪುಟದ ಕೊನೆಯಲ್ಲಿ, ಮಾಂತ್ರಿಕಶಕ್ತಿಯ ಪುರುಷಾಂಶಕ್ಕೆ ಮೂರು ಸಾವಿರ ವರ್ಷದಿಂದ ಅಂಟಿದ್ದ ಕಳಂಕವನ್ನು ತೊಳೆಯುವ ಮಹಾಪ್ರಸಂಗವು ಮುಗಿದೊಡನೆ, ಹತ್ತನೆಯದು ಹಿಂದಕ್ಕೆ ಸರಿದು, ಆ ಹೊತ್ತಿಗೆ ಇತರರು ಎಲ್ಲೆಲ್ಲಿ ಏನೇನು ಮಾಡುತ್ತಿದ್ದರೆಂದು ಹೇಳಲು ತೊಡಗುತ್ತದೆ. ಅಂಗವನ್ನು ಅತಿಯಾಗಿ ವಿಸ್ತರಿಸುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿರುವನು. ಎಷ್ಟು ಬೇಗ ಓದಿದರೂ ಆ ದೋಷ ದೋಷವೆ. ಹಲವು ಸಲ ಓದಿದವರು ಈ ಸಂಪುಟದಲ್ಲಿ ಅಧ್ಯಾಯಗಳನ್ನು ಹಾರಿಸಿ ಮುಂದೆ ಹೋಗುವುದುಂಟು. ಹಾರಿಸುವುದೂ ಒಂದು ವಿಮರ್ಶೆಯೇ, ಬಾಯಿಬಿಟ್ಟು ಹೇಳಿದುದಕ್ಕಿಂತ ಪ್ರಾಮಾಣಿಕವಾದುದು.

ಕೊನೆಯ ದೃಶ್ಯವನ್ನು ಜಾರ್ಡನ್ನರು ತಾವು ತೀರಿಕೊಳ್ಳುವ ಮುನ್ನ ತಾವೇ ಬರೆದಿಟ್ಟಿದ್ದರು. ಅದರಲ್ಲಿ ಹಳೆಯ ಶಕ್ತಿಯೆಲ್ಲವನ್ನು ಕಳೆದುಕೊಂಡ ನಾಯಕನು, ಕಿಡಿಯೂ ಇಲ್ಲದೆ, ಬರಿಯ ನೆನಹಿನಿಂದ ತನ್ನ ಹೊಗೆಕೊಳವೆಯನ್ನು ಹೊತ್ತಿಸಿಕೊಂಡು ಕುದುರೆಯೇರಿ ಹೊರಡುವನು. ಅದು ಹೇಗೆ ಹೊತ್ತಿಕೊಂಡಿತೆಂಬುದಕ್ಕೆ ಹದಿನಾಲ್ಕು ಸಂಪುಟಗಳಲ್ಲಿ ಎಲ್ಲಿಯೂ ವಿವರಣೆಯಿಲ್ಲ. ಅಭಿಮಾನಿಗಳು ಇದಕ್ಕೂ ಸುಳಿವು ಹುಡುಕುತ್ತ ಮತ್ತೆ ಮೊದಲ ಸಂಪುಟವನ್ನು ತೆಗೆದಿದ್ದಾರೆ. ಈ ಸಲ ಅವರಿಗೆ ನೆರವಾಗುವ ಪದಕೋಶವಿಲ್ಲ.