ಬೆರಳಿಗೆ ಸಿಕ್ಕ ಆಟ

ಔರಾದಿನಿಂದ ಭಾಲ್ಕಿಗೆ ಬರುವಷ್ಟರಲ್ಲಿ ತೋಳು ಸೋತಿತ್ತು. ಹಳೇ ಮಹೀಂದ್ರ ಜೀಪು. ಸ್ಟೇರಿಂಗ್ ಅಂಗೈಯಗಲ ಸುಮ್ಮನೆ ತಿರುಗುತ್ತಿತ್ತು, ಗಾಲಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. "ಬಾಕ್ಸ್ ಹೋಗ್ಯಾದ" ಎಂದಿದ್ದರು ಎಲ್ಲರೂ.

ಭಾಲ್ಕಿಯ ಮುದುಕ ಮಿಸ್ತ್ರಿ ಸ್ಟೇರಿಂಗ್ ಬಾಕ್ಸಿನ ಕಡೆ ನೋಡಲೇ ಇಲ್ಲ. ಜಾಕ್ ಬೇಡವೆಂದ, ಗಾಲಿಯ ಮೇಲೆ ಭಾರವಿದ್ದರೇ ಸವೆತ ಬಾಯಿಬಿಡುತ್ತದಂತೆ. ಎಂಜಿನ್ ಬಂದ್ ಮಾಡಿಸಿ, ಅಡಿಗೆ ನುಸುಳಿ, "ಸಣ್ಣಗ ಹೊಯ್ದಾಡಸ್ರಿ" ಎಂದ. ನಾನು ಸ್ಟೇರಿಂಗ್ ಆಡಿಸುತ್ತಿದ್ದೆ. ಅವನು ಒಂದೊಂದೇ ಕೀಲಿನ ಮೇಲೆ ಎರಡು ಬೆರಳು ಅಡ್ಡ ಇಟ್ಟು ಕಣ್ಣು ಮುಚ್ಚಿದ. ಡ್ರ್ಯಾಗ್ ಲಿಂಕ್ ಸರಿ. ಟೈ ರಾಡ್ ತುದಿಗಳು ಸರಿ. ನಡುವಿನ ಬೆಲ್ ಕ್ರ್ಯಾಂಕಿಗೆ ಬಂದಾಗ ಬೆರಳು ನಿಂತವು: ಒಂದು ಪಕ್ಕ ಮೊದಲು ಅಲುಗಿ, ಇನ್ನೊಂದು ಕೂದಲೆಳೆ ತಡವಾಗಿ ಹಿಂಬಾಲಿಸಿತು. ಬೀದರದ ಬಿದ್ರಿಯಲ್ಲಿ ಬೆಳ್ಳಿ ತಂತಿ ಕೂರುವ ಗೀರಿನಷ್ಟೂ ಇರದ ಸಂದು!

ಪಿನ್ನು ಒಂದೇ ಮಗ್ಗುಲಲ್ಲಿ ಸವೆದಿತ್ತು. ಹೊಸ ಪಿನ್ನು, ಹೊಸ ಬೇರಿಂಗ್, ಗ್ರೀಸು. ಬಾಕ್ಸಿನ ಸ್ಕ್ರೂ ಒಂಚೂರು ಬಿಗಿ ಮಾಡೋಣವೇ ಎಂದೆ. "ಮಾಡಿದ್ರ ತಿರುವಿನಾಗಿಂದ ತಾನಾಗೇ ವಾಪಸ್ ಬರಂಗಿಲ್ಲ" ಎಂದು ಬೀಡಿ ಹಚ್ಚಿದ.